ಟೆನಿಸ್ ರ್ಯಾಕೆಟ್‌ನ ಆಯ್ಕೆ

ಟೆನಿಸ್ ರ್ಯಾಕೆಟ್ ಎಂಬುದು ಟೆನಿಸ್ ಆಟದಲ್ಲಿ ಚೆಂಡನ್ನು ಹೊಡೆಯಲು ಬಳಸುವ ಸಾಧನ. ಉದ್ದನೆಯ ಹಿಡಿ, ಅದಕ್ಕೆ ಹೊಂದಿಕೊಂಡ ಅಂಡಾಕಾರದ ಚೌಕಟ್ಟು ಮತ್ತು ಚೌಕಟ್ಟಿನೊಳಗೆ ಬಿಗಿಯಾಗಿ ಹೆಣೆದ ತಂತಿಗಳು ಇದರ ಮುಖ್ಯ ಭಾಗಗಳು. ವಯಸ್ಕರು ಬಳಸುವ ರ್ಯಾಕೆಟ್‌ನ ಉದ್ದ ಸಾಮಾನ್ಯವಾಗಿ 27 ಅಂಗುಲ (68.5 ಸೆಂ.ಮೀ.). ತಂತಿ ಹಾಕದ ರ್ಯಾಕೆಟ್‌ನ ತೂಕ ಹೆಚ್ಚಾಗಿ 250ರಿಂದ 340 ಗ್ರಾಂಗಳ ನಡುವೆ ಇರುತ್ತದೆ.

ಹೊಸದಾಗಿ ಆಟ ಕಲಿಯುವವರು ಮತ್ತು ಮಕ್ಕಳಿಗೆ ಆಟ ಕಲಿಸಲು ಬಯಸುವ ಪೋಷಕರು ಮೊದಲು ಎದುರಿಸುವ ಪ್ರಶ್ನೆ ರ್ಯಾಕೆಟ್‌ನ ಆಯ್ಕೆ. ಮಾರುಕಟ್ಟೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿನಿಂದ 20,000 ರೂಪಾಯಿಗೂ ಮೇಲ್ಪಟ್ಟ ಬೆಲೆಯವರೆಗೆ ರ್ಯಾಕೆಟ್‌ಗಳು ದೊರೆಯುತ್ತವೆ. ಬೆಲೆ ಹೆಚ್ಚಿದಷ್ಟೂ ರ್ಯಾಕೆಟ್ ಆಟಗಾರನಿಗೆ ಹೆಚ್ಚು ಒಪ್ಪುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ತಲೆಯ ಗಾತ್ರ, ತೂಕ, ಸಮತೋಲನ, ಹಿಡಿಯ ಸುತ್ತಳತೆ ಮತ್ತು ತಂತಿ ಇವು ಆಟಗಾರನ ವಯಸ್ಸು, ದೇಹಬಲ ಹಾಗೂ ಕಲಿಕೆಯ ಹಂತಕ್ಕೆ ಹೊಂದಿದಾಗ ಕಡಿಮೆ ಬೆಲೆಯ ರ್ಯಾಕೆಟ್ ಕೂಡ ಉತ್ತಮವಾಗಿ ಕೆಲಸ ಮಾಡುತ್ತದೆ. ಹೊಂದದಿದ್ದಾಗ ದುಬಾರಿ ರ್ಯಾಕೆಟ್ ಆಟವನ್ನು ಕಠಿಣಗೊಳಿಸುತ್ತದೆ. ಕೆಲವೊಮ್ಮೆ ತೋಳಿನ ನೋವಿಗೂ ಕಾರಣವಾಗುತ್ತದೆ.

ರಚನೆ

ರ್ಯಾಕೆಟ್‌ನ ಮೇಲ್ಭಾಗವನ್ನು ತಲೆ ಅಥವಾ ಹೆಡ್ ಎನ್ನುತ್ತಾರೆ. ತಲೆಯ ಕೆಳಗೆ ಚೌಕಟ್ಟು ಎರಡಾಗಿ ಕವಲೊಡೆದು ಹಿಡಿಯಲ್ಲಿ ಕೂಡಿಕೊಳ್ಳುವ ತ್ರಿಕೋನಾಕಾರದ ಭಾಗಕ್ಕೆ ಕತ್ತು ಎಂದು ಹೆಸರು. ಹಿಡಿಯ ತುದಿಯಲ್ಲಿ ಕೈ ಜಾರದಂತೆ ತಡೆಯುವ ಚಿಕ್ಕ ಉಬ್ಬು ಇರುತ್ತದೆ. ಹಿಡಿಯ ಅಡ್ಡಕೊಯ್ತ ಎಂಟು ಮುಖಗಳದ್ದು. ಕಣ್ಣಿನಿಂದ ನೋಡದೆಯೇ ರ್ಯಾಕೆಟ್‌ನ ಮುಖ ಯಾವ ಕಡೆ ತಿರುಗಿದೆ ಎಂಬುದು ಈ ಮುಖಗಳಿಂದ ಬೆರಳುಗಳಿಗೆ ತಿಳಿಯುತ್ತದೆ.

ಚೌಕಟ್ಟಿನ ರಂಧ್ರಗಳಲ್ಲಿ ತಂತಿ ಉಜ್ಜಿ ಹರಿಯದಂತೆ ಪ್ಲಾಸ್ಟಿಕ್‌ನ ಸಣ್ಣ ಕೊಳವೆಗಳಿರುತ್ತವೆ. ಇವನ್ನು ಗ್ರಾಮೆಟ್ ಎನ್ನಲಾಗುತ್ತದೆ. ತಲೆಯ ತುದಿಯಲ್ಲಿ ನೆಲಕ್ಕೆ ಉಜ್ಜಿದಾಗ ಚೌಕಟ್ಟು ಸವೆಯದಂತೆ ಕಾಪಾಡುವ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಲಂಬವಾಗಿ ಹಾಗೂ ಅಡ್ಡಲಾಗಿ ಹೆಣೆದ ತಂತಿಗಳ ಸಮೂಹವೇ ತಂತಿಬಲೆ. ಇಡೀ ರ್ಯಾಕೆಟ್‌ನಲ್ಲಿ ಚೆಂಡಿಗೆ ತಾಗುವ ಭಾಗ ತಂತಿಬಲೆಯೊಂದೇ. ಆದರೂ ಕೊಳ್ಳುವವರು ಅತಿ ಕಡಿಮೆ ಗಮನ ಕೊಡುವುದು ಇದಕ್ಕೇ.

ತಂತಿಬಲೆಯ ನಡುಭಾಗದ ಆಸುಪಾಸಿನಲ್ಲಿ ಚೆಂಡು ತಾಗಿದಾಗ ಕೈಗೆ ಅದುರುವಿಕೆ ಕಡಿಮೆಯಾಗಿರುತ್ತದೆ ಮತ್ತು ಚೆಂಡು ಸುಲಭವಾಗಿ ಚಿಮ್ಮುತ್ತದೆ. ಈ ಪ್ರದೇಶಕ್ಕೆ ಸ್ವೀಟ್ ಸ್ಪಾಟ್ ಎಂದು ಹೆಸರು. ಚೆಂಡು ಇದರಿಂದ ದೂರ, ಚೌಕಟ್ಟಿನ ಅಂಚಿಗೆ ಹತ್ತಿರ ತಾಗಿದರೆ ರ್ಯಾಕೆಟ್ ಕೈಯಲ್ಲಿ ತಿರುಚಿಕೊಳ್ಳುತ್ತದೆ.

ಇತಿಹಾಸ

ಟೆನಿಸ್‌ನ ಪೂರ್ವರೂಪವಾದ ಫ್ರಾನ್ಸ್‌ನ ಜ್ಯೂ ದ ಪೋಮ್ ಎಂಬ ಆಟವನ್ನು ಮೊದಲು ಬರಿ ಅಂಗೈಯಿಂದ ಆಡುತ್ತಿದ್ದರು. 16ನೆಯ ಶತಮಾನದ ವೇಳೆಗೆ ತಂತಿ ಹೆಣೆದ ರ್ಯಾಕೆಟ್ ಬಳಕೆಗೆ ಬಂದಿತು. 1874ರಲ್ಲಿ ಇಂಗ್ಲೆಂಡ್‌ನ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಲಾನ್ ಟೆನಿಸ್‌ಗೆ ಪೇಟೆಂಟ್ ಪಡೆದರು. 1877ರಲ್ಲಿ ವಿಂಬಲ್ಡನ್‌ನ ಮೊದಲ ಪಂದ್ಯಾವಳಿ ನಡೆಯಿತು. ಫ್ರಾನ್ಸ್‌ನ ಲಿಯೋನ್ ನಗರದ ಬಾಬೊಲಾ ಸಂಸ್ಥೆ 1875ರಲ್ಲಿ ಪ್ರಾಣಿಗಳ ಕರುಳಿನಿಂದ ಟೆನಿಸ್ ತಂತಿಗಳನ್ನು ತಯಾರಿಸಲು ಆರಂಭಿಸಿತು.

ಸುಮಾರು ನೂರು ವರ್ಷಗಳ ಕಾಲ ರ್ಯಾಕೆಟ್ ಎಂದರೆ ಮರದ ರ್ಯಾಕೆಟ್ ಎಂದೇ ಅರ್ಥವಾಗಿತ್ತು. ಆ್ಯಶ್ ಮರವನ್ನು ಬಾಗಿಸಿ, ನಂತರದ ದಿನಗಳಲ್ಲಿ ತೆಳುವಾದ ಮರದ ಪದರಗಳನ್ನು ಅಂಟಿಸಿ ಚೌಕಟ್ಟು ಮಾಡುತ್ತಿದ್ದರು. ಅದರ ತಲೆ ಚಿಕ್ಕದು, ಸುಮಾರು 65ರಿಂದ 70 ಚದರ ಅಂಗುಲ, ತೂಕ ಹೆಚ್ಚು. ಮಳೆಗಾಲದ ತೇವಕ್ಕೆ ಮರ ತಿರುಚಿಕೊಳ್ಳುತ್ತಿದ್ದುದರಿಂದ ಆಟ ಮುಗಿದೊಡನೆ ರ್ಯಾಕೆಟನ್ನು ನಾಲ್ಕು ತಿರುಪುಗಳುಳ್ಳ ಮರದ ಪ್ರೆಸ್‌ನಲ್ಲಿ ಬಿಗಿದು ಇಡುವುದು ರೂಢಿಯಾಗಿತ್ತು. ಭಾರತದ ರಾಮನಾಥನ್ ಕೃಷ್ಣನ್ 1954ರಲ್ಲಿ ವಿಂಬಲ್ಡನ್ ಬಾಲಕರ ಪ್ರಶಸ್ತಿ ಗೆದ್ದದ್ದು, 1960 ಮತ್ತು 1961ರಲ್ಲಿ ಅಲ್ಲಿಯೇ ಸೆಮಿಫೈನಲ್ ತಲುಪಿದ್ದು ಈ ಮರದ ರ್ಯಾಕೆಟ್‌ಗಳ ಕಾಲದಲ್ಲಿ.

ಫ್ರಾನ್ಸ್‌ನ ಹಿಂದಿನ ಚಾಂಪಿಯನ್ ರೆನೆ ಲಾಕೋಸ್ಟ್ 1950ರ ದಶಕದಲ್ಲಿ ಉಕ್ಕಿನ ಕೊಳವೆಯ ಚೌಕಟ್ಟನ್ನು ರೂಪಿಸಿದರು. ಇದನ್ನು ಆಧರಿಸಿ ವಿಲ್ಸನ್ ಸಂಸ್ಥೆ 1967ರಲ್ಲಿ ಮಾರುಕಟ್ಟೆಗೆ ತಂದ ಟಿ-2000 ರ್ಯಾಕೆಟ್, ಜಿಮ್ಮಿ ಕಾನರ್ಸ್ ಅವರ ಕೈಯಲ್ಲಿ ಪ್ರಸಿದ್ಧವಾಯಿತು. 1976ರಲ್ಲಿ ಹೊವರ್ಡ್ ಹೆಡ್ ಅವರು ಪ್ರಿನ್ಸ್ ಸಂಸ್ಥೆಯ ಮೂಲಕ ಸುಮಾರು 110 ಚದರ ಅಂಗುಲದ ತಲೆಯುಳ್ಳ ಅಲ್ಯೂಮಿನಿಯಂ ರ್ಯಾಕೆಟನ್ನು ಪರಿಚಯಿಸಿದರು. ಚೆಂಡು ನಡುವಿನಿಂದ ಸ್ವಲ್ಪ ಆಚೀಚೆ ತಾಗಿದರೂ ಹೊಡೆತ ಕೆಡದ ಕಾರಣ ಹೊಸಬರಿಗೆ ಆಟ ಸುಲಭವಾಯಿತು. ಇಂದು ಕಡಿಮೆ ಬೆಲೆಗೆ ದೊರೆಯುವ ದೊಡ್ಡ ತಲೆಯ ರ್ಯಾಕೆಟ್‌ಗಳೆಲ್ಲ ಈ ಪರಂಪರೆಗೆ ಸೇರಿದವು.

1980ರ ದಶಕದಲ್ಲಿ ಗ್ರ್ಯಾಫೈಟ್ ಎಂದು ಕರೆಯಲಾಗುವ ಇಂಗಾಲದ ನಾರಿನ ಚೌಕಟ್ಟುಗಳು ಮರವನ್ನು ಸಂಪೂರ್ಣವಾಗಿ ಹಿಂದೆ ಸರಿಸಿದವು. ಮರದ ರ್ಯಾಕೆಟ್‌ನಿಂದ ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದ ಕೊನೆಯ ಆಟಗಾರ ಜಾನ್ ಮೆಕೆನ್ರೊ (1981). 1983ರಲ್ಲಿ ಯಾನಿಕ್ ನೋಅ ಮರದ ರ್ಯಾಕೆಟ್‌ನಿಂದಲೇ ಫ್ರೆಂಚ್ ಓಪನ್ ಗೆದ್ದರು. 1987ರಲ್ಲಿ ವಿಲ್ಸನ್ ಸಂಸ್ಥೆಯ ಪ್ರೊಫೈಲ್ ಮಾದರಿಯೊಂದಿಗೆ ದಪ್ಪ ಚೌಕಟ್ಟಿನ, ಹೆಚ್ಚು ಗಡುಸಾದ ರ್ಯಾಕೆಟ್‌ಗಳು ಬಂದವು.

ನಿಯಮಗಳು

1977ಕ್ಕೆ ಮೊದಲು ರ್ಯಾಕೆಟ್ ಹೇಗಿರಬೇಕು ಎಂಬ ಬಗ್ಗೆ ಆಟದ ನಿಯಮಗಳಲ್ಲಿ ಏನನ್ನೂ ಹೇಳಿರಲಿಲ್ಲ. ಆ ವರ್ಷ ‘ಸ್ಪಾಗೆಟಿ’ ಎಂಬ ಅಡ್ಡಹೆಸರಿನ, ಎರಡು ಪದರಗಳಲ್ಲಿ ಸಡಿಲವಾಗಿ ತಂತಿ ಹಾಕಿದ ರ್ಯಾಕೆಟ್ ಚೆಂಡಿಗೆ ಅಸಹಜ ತಿರುವು ಕೊಟ್ಟು ವಿವಾದಕ್ಕೆ ಕಾರಣವಾಯಿತು. ಫ್ರಾನ್ಸ್‌ನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ಇಲಿ ನಸ್ಟಾಸೆ ಅದನ್ನು ಬಳಸಿ ಮೊದಲೆರಡು ಸೆಟ್ ಗೆದ್ದಾಗ, ಎದುರಾಳಿ ಗಿಯೆರ್ಮೊ ವಿಲಾಸ್ ಪಂದ್ಯ ಬಿಟ್ಟು ಹೊರನಡೆದರು. ಬಳಿಕ ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ ಇಂಥ ತಂತಿಬಲೆಯನ್ನು ನಿಷೇಧಿಸಿ, 1978ರಲ್ಲಿ ರ್ಯಾಕೆಟ್‌ಗೆ ಸಂಬಂಧಿಸಿದ ನಿಯಮವನ್ನು ರೂಪಿಸಿತು.

ಈಗಿನ ನಿಯಮದಂತೆ ರ್ಯಾಕೆಟ್‌ನ ಒಟ್ಟು ಉದ್ದ 29 ಅಂಗುಲ (73.7 ಸೆಂ.ಮೀ.), ಅಗಲ 12.5 ಅಂಗುಲ (31.7 ಸೆಂ.ಮೀ.) ಮೀರಬಾರದು. ತಂತಿಬಲೆಯ ಉದ್ದ 15.5 ಅಂಗುಲ, ಅಗಲ 11.5 ಅಂಗುಲಗಳಿಗಿಂತ ಹೆಚ್ಚಿರಬಾರದು. ತೂಕಕ್ಕೆ ಮಿತಿಯಿಲ್ಲ, ಯಾವ ವಸ್ತುವಿನಿಂದ ಮಾಡಬೇಕು ಎಂಬ ಕಟ್ಟುಪಾಡೂ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಅಲ್ಯೂಮಿನಿಯಂ ರ್ಯಾಕೆಟ್ ಕೂಡ ಅಳತೆಯ ದೃಷ್ಟಿಯಿಂದ ಪಂದ್ಯಗಳಲ್ಲಿ ಬಳಸಲು ಯೋಗ್ಯವೇ ಆಗಿರುತ್ತದೆ.

ವಸ್ತು ಮತ್ತು ಬೆಲೆ

ಬೆಲೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಚೌಕಟ್ಟಿನ ವಸ್ತು. ಇದರ ಪ್ರಕಾರ ರ್ಯಾಕೆಟ್‌ಗಳನ್ನು ಮೂರು ವರ್ಗಗಳಾಗಿ ನೋಡಬಹುದು.

ಅಲ್ಯೂಮಿನಿಯಂ: ಲೋಹದ ಕೊಳವೆಯನ್ನು ಬಾಗಿಸಿ, ಕತ್ತಿನ ಬಳಿ ಪ್ಲಾಸ್ಟಿಕ್ ತುಂಡಿನಿಂದ ಜೋಡಿಸಿ ಮಾಡುವ ಈ ರ್ಯಾಕೆಟ್‌ಗಳು ಎಲ್ಲಕ್ಕಿಂತ ಅಗ್ಗ. ಭಾರತದಲ್ಲಿ ಇವು ಸಾಮಾನ್ಯವಾಗಿ 1,000ದಿಂದ 3,500 ರೂಪಾಯಿಗಳ ಆಸುಪಾಸಿನಲ್ಲಿ ದೊರೆಯುತ್ತವೆ. ಹೆಚ್ಚಿನವು ತಂತಿ ಹಾಕಿಯೇ ಮಾರಾಟವಾಗುತ್ತವೆ. ವೇಗದ ಚೆಂಡು ತಾಗಿದಾಗ ಇವು ಹೆಚ್ಚು ಅದುರುತ್ತವೆ; ನೆಲಕ್ಕೆ ಬಲವಾಗಿ ಬಡಿದರೆ ಬಾಗುತ್ತವೆ, ಬಾಗಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಮೊದಲ ಕೆಲವು ತಿಂಗಳ ಕಲಿಕೆಗೆ, ರಜೆಯ ಶಿಬಿರಗಳಿಗೆ ಹಾಗೂ ಬೇಗ ಬೆಳೆಯುವ ಮಕ್ಕಳಿಗೆ ಇವು ಸಾಕಾಗುತ್ತವೆ.

ಮಿಶ್ರ ಚೌಕಟ್ಟು: ಅಲ್ಯೂಮಿನಿಯಂ ಮತ್ತು ಗ್ರ್ಯಾಫೈಟ್ ಭಾಗಗಳನ್ನು ಕೂಡಿಸಿದ ಅಥವಾ ಇಂಗಾಲದ ನಾರಿನೊಂದಿಗೆ ಗಾಜಿನ ನಾರನ್ನು ಬೆರೆಸಿದ ರ್ಯಾಕೆಟ್‌ಗಳು ಈ ವರ್ಗದವು. ಬೆಲೆಯೂ ಗುಣವೂ ಮಧ್ಯಮ. ವಾರಕ್ಕೆ ಒಂದೆರಡು ದಿನ ಆಡುವವರಿಗೆ ಇವು ವರ್ಷಗಟ್ಟಲೆ ಬಾಳಿಕೆ ಬರುತ್ತವೆ.

ಪೂರ್ಣ ಗ್ರ್ಯಾಫೈಟ್: ರಾಳದಲ್ಲಿ ನೆನೆಸಿದ ಇಂಗಾಲದ ನಾರಿನ ಹಾಳೆಗಳನ್ನು ಸುತ್ತಿ, ಅಚ್ಚಿನೊಳಗಿಟ್ಟು, ಒಳಗಿನಿಂದ ಗಾಳಿಯ ಒತ್ತಡ ಕೊಟ್ಟು ಬಿಸಿಮಾಡಿ ಇವನ್ನು ತಯಾರಿಸುತ್ತಾರೆ. ಹಾಳೆಗಳನ್ನು ಜೋಡಿಸುವ ಕೆಲಸ ಬಹುಮಟ್ಟಿಗೆ ಕೈಯಿಂದಲೇ ನಡೆಯುತ್ತದೆ. ಹಗುರ, ಗಟ್ಟಿ, ಅದುರುವಿಕೆ ಕಡಿಮೆ. ಹೊಸ ಮಾದರಿಗಳಿಗೆ 15,000 ರೂಪಾಯಿಗೂ ಹೆಚ್ಚು ಬೆಲೆ ಇರುವುದು ಸಾಮಾನ್ಯ.

ರ್ಯಾಕೆಟ್‌ನ ಮೇಲೆ ಟೈಟೇನಿಯಂ, ಟಂಗ್‌ಸ್ಟನ್, ಬಸಾಲ್ಟ್ ಮೊದಲಾದ ಹೆಸರುಗಳು ಅಚ್ಚಾಗಿರುವುದುಂಟು. ಇಂಥ ವಸ್ತುಗಳು ಸಾಮಾನ್ಯವಾಗಿ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಇರುತ್ತವೆ. ಅಗ್ಗದ ರ್ಯಾಕೆಟ್‌ನ ಮೇಲಿನ ಟೈಟೇನಿಯಂ ಎಂಬ ಹೆಸರು ಹಲವೊಮ್ಮೆ ಒಂದು ಮಾದರಿಯ ಹೆಸರಷ್ಟೇ. ಹೆಸರಿಗಿಂತ ಚೌಕಟ್ಟಿನ ಒಳಬದಿಯಲ್ಲಿ ಅಚ್ಚಾಗಿರುವ ತಲೆಯ ಗಾತ್ರ, ತೂಕ ಮತ್ತು ತಂತಿಯ ಬಿಗಿಯ ಅಂಕಿಗಳು ಹೆಚ್ಚು ಉಪಯುಕ್ತ.

ಪ್ರಸಿದ್ಧ ಆಟಗಾರರ ಹೆಸರಿನಲ್ಲಿ ಮಾರಾಟವಾಗುವ ರ್ಯಾಕೆಟ್ ಆ ಆಟಗಾರರು ಬಳಸುವುದೇ ಆಗಿರಬೇಕೆಂದಿಲ್ಲ. ವೃತ್ತಿಪರರಲ್ಲಿ ಹಲವರು ತಮಗೆ ಒಗ್ಗಿದ ಹಳೆಯ ಚೌಕಟ್ಟನ್ನೇ ಇಟ್ಟುಕೊಂಡು, ಅದಕ್ಕೆ ಹೊಸ ಮಾದರಿಯ ಬಣ್ಣ ಬಳಿಸಿಕೊಳ್ಳುತ್ತಾರೆ; ಸೀಸದ ಪಟ್ಟಿ ಅಂಟಿಸಿ ತೂಕ ಹೆಚ್ಚಿಸಿಕೊಳ್ಳುತ್ತಾರೆ. ಹಾಗೆ ಸಿದ್ಧಪಡಿಸಿದ ರ್ಯಾಕೆಟ್ ಹೊಸಬರ ಕೈಗೆ ಬಹಳ ಭಾರ.

ತಯಾರಕರು ಸಾಮಾನ್ಯವಾಗಿ ಎರಡು ಮೂರು ವರ್ಷಗಳಿಗೊಮ್ಮೆ ಮಾದರಿಗಳನ್ನು ಬದಲಾಯಿಸುತ್ತಾರೆ. ಹೊಸ ಮಾದರಿ ಬಂದಾಗ ಹಿಂದಿನದನ್ನು ರಿಯಾಯಿತಿ ಬೆಲೆಗೆ ಮಾರುತ್ತಾರೆ. ಎರಡರ ನಡುವಿನ ವ್ಯತ್ಯಾಸ ಅನೇಕ ವೇಳೆ ಬಣ್ಣ ಮತ್ತು ಸಣ್ಣಪುಟ್ಟ ಬದಲಾವಣೆಗಳಿಗೆ ಸೀಮಿತವಾಗಿರುವುದರಿಂದ, ಮಿತವ್ಯಯದಲ್ಲಿ ಗ್ರ್ಯಾಫೈಟ್ ರ್ಯಾಕೆಟ್ ಪಡೆಯಲು ಇದು ಒಳ್ಳೆಯ ದಾರಿ.

ಆಯ್ಕೆಯಲ್ಲಿ ಗಮನಿಸುವ ಅಂಶಗಳು

ತಲೆಯ ಗಾತ್ರ

ತಲೆಯ ಗಾತ್ರವನ್ನು ಚದರ ಅಂಗುಲಗಳಲ್ಲಿ ಹೇಳುತ್ತಾರೆ. 95 ಮತ್ತು ಅದಕ್ಕಿಂತ ಕಡಿಮೆ ಇರುವುದು ಚಿಕ್ಕ ತಲೆ, 96ರಿಂದ 104ರವರೆಗೆ ಮಧ್ಯಮ, 105 ಮತ್ತು ಅದಕ್ಕಿಂತ ಹೆಚ್ಚಿನದು ದೊಡ್ಡ ತಲೆ ಎನ್ನಬಹುದು. ತಲೆ ದೊಡ್ಡದಾದಂತೆ ಚೆಂಡಿಗೆ ವೇಗ ಸುಲಭವಾಗಿ ಸಿಗುತ್ತದೆ, ನಡುವಿಗೆ ತಾಗದ ಹೊಡೆತಗಳೂ ಅಂಕಣದೊಳಗೆ ಉಳಿಯುತ್ತವೆ. ತಲೆ ಚಿಕ್ಕದಾದಂತೆ ಗುರಿಯ ಮೇಲಿನ ಹಿಡಿತ ಹೆಚ್ಚುತ್ತದೆ, ಆದರೆ ಪ್ರತಿ ಹೊಡೆತವೂ ಕರಾರುವಾಕ್ಕಾಗಿರಬೇಕು. ಪೀಟ್ ಸಾಂಪ್ರಸ್ 85 ಚದರ ಅಂಗುಲದ ರ್ಯಾಕೆಟ್‌ನಲ್ಲಿ ಆಡಿದರು. 90 ಚದರ ಅಂಗುಲದಲ್ಲಿ ಆಡುತ್ತಿದ್ದ ರೋಜರ್ ಫೆಡರರ್ 2014ರಲ್ಲಿ 97ಕ್ಕೆ ಬದಲಾಯಿಸಿಕೊಂಡರು. ಹೊಸದಾಗಿ ಕಲಿಯುವ ವಯಸ್ಕರಿಗೆ 100ರಿಂದ 110ರವರೆಗಿನ ಗಾತ್ರ ಸೂಕ್ತ.

ತೂಕ ಮತ್ತು ಸಮತೋಲನ

ತಂತಿ ಹಾಕದ ಸ್ಥಿತಿಯಲ್ಲಿ 280 ಗ್ರಾಂಗಿಂತ ಕಡಿಮೆ ಇರುವುದನ್ನು ಹಗುರ, 280ರಿಂದ 305 ಗ್ರಾಂವರೆಗಿನದನ್ನು ಮಧ್ಯಮ, ಅದಕ್ಕಿಂತ ಹೆಚ್ಚಿನದನ್ನು ಭಾರ ಎಂದು ಪರಿಗಣಿಸಬಹುದು. ತಂತಿ ಹಾಕಿದ ಮೇಲೆ ಸುಮಾರು 15ರಿಂದ 18 ಗ್ರಾಂ ಸೇರುತ್ತದೆ. ಹಗುರ ರ್ಯಾಕೆಟನ್ನು ಬೀಸುವುದು ಸುಲಭ. ಆದರೆ ವೇಗದ ಚೆಂಡು ತಾಗಿದಾಗ ಅದು ಹಿಂದಕ್ಕೆ ತಳ್ಳಲ್ಪಡುತ್ತದೆ ಮತ್ತು ಆಘಾತದ ಹೆಚ್ಚಿನ ಪಾಲು ತೋಳಿಗೆ ತಲುಪುತ್ತದೆ. ಭಾರದ ರ್ಯಾಕೆಟ್ ಸ್ಥಿರವಾಗಿರುತ್ತದೆ. ಆದರೆ ಒಂದು ಗಂಟೆಯ ಆಟದ ನಂತರ ತೋಳು ದಣಿಯುತ್ತದೆ, ದಣಿದ ತೋಳು ಚೆಂಡಿಗೆ ತಡವಾಗಿ ತಲುಪುತ್ತದೆ. ಆದ್ದರಿಂದ ಆಟದ ಕೊನೆಯವರೆಗೂ ಸರಾಗವಾಗಿ ಬೀಸಬಲ್ಲ ರ್ಯಾಕೆಟ್‌ಗಳಲ್ಲಿ ಅತಿ ಹಗುರವಾದುದನ್ನು ಬಿಟ್ಟು ಸ್ವಲ್ಪ ತೂಕವಿರುವುದನ್ನೇ ಆರಿಸುವುದು ಒಳ್ಳೆಯದು. ಸಾಮಾನ್ಯ ವಯಸ್ಕರಿಗೆ 270ರಿಂದ 300 ಗ್ರಾಂ ಒಪ್ಪುತ್ತದೆ.

ಒಂದೇ ತೂಕದ ಎರಡು ರ್ಯಾಕೆಟ್‌ಗಳು ಕೈಗೆ ಬೇರೆ ಬೇರೆಯಾಗಿ ತೋರಬಹುದು. ತೂಕ ತಲೆಯ ಕಡೆ ಹೆಚ್ಚಿದೆಯೋ ಹಿಡಿಯ ಕಡೆ ಹೆಚ್ಚಿದೆಯೋ ಎಂಬುದೇ ಇದಕ್ಕೆ ಕಾರಣ. ರ್ಯಾಕೆಟ್‌ನ ನಡುಬಿಂದುವನ್ನು, ಅಂದರೆ 27 ಅಂಗುಲದ ರ್ಯಾಕೆಟ್‌ನಲ್ಲಿ ಹಿಡಿಯ ತುದಿಯಿಂದ ಸುಮಾರು 34.3 ಸೆಂ.ಮೀ. ದೂರದ ಬಿಂದುವನ್ನು, ಬೆರಳಿನ ಮೇಲಿಟ್ಟು ಇದನ್ನು ಪರೀಕ್ಷಿಸಬಹುದು. ತಲೆ ಕೆಳಗಿಳಿದರೆ ತಲೆಭಾರದ ರ್ಯಾಕೆಟ್, ಹಿಡಿ ಕೆಳಗಿಳಿದರೆ ಹಿಡಿಭಾರದ ರ್ಯಾಕೆಟ್. ಹಗುರ ರ್ಯಾಕೆಟ್‌ಗಳಲ್ಲಿ ಹೊಡೆತದ ಬಲಕ್ಕಾಗಿ ತೂಕವನ್ನು ತಲೆಯ ಕಡೆಗೆ ಇಟ್ಟಿರುತ್ತಾರೆ. ಭಾರದ ರ್ಯಾಕೆಟ್‌ಗಳಲ್ಲಿ ಬೀಸಲು ಸುಲಭವಾಗಲೆಂದು ಹಿಡಿಯ ಕಡೆಗೆ ಇಟ್ಟಿರುತ್ತಾರೆ.

ಚೌಕಟ್ಟಿನ ಗಡಸುತನ

ಚೆಂಡು ತಾಗಿದಾಗ ಚೌಕಟ್ಟು ಸ್ವಲ್ಪ ಬಾಗುತ್ತದೆ. ಕಡಿಮೆ ಬಾಗುವ ಗಡುಸು ಚೌಕಟ್ಟು ಚೆಂಡಿಗೆ ಹೆಚ್ಚು ವೇಗ ಕೊಡುತ್ತದೆ, ಕೈಗೆ ಹೆಚ್ಚು ಆಘಾತವನ್ನೂ ಕೊಡುತ್ತದೆ. ಹೆಚ್ಚು ಬಾಗುವ ಚೌಕಟ್ಟು ಕೈಗೆ ಮೃದು. ಇದನ್ನು ಆರ್‌ಎ ಎಂಬ ಅಂಕಿಯಿಂದ ಸೂಚಿಸುತ್ತಾರೆ. ಹೆಚ್ಚಿನ ರ್ಯಾಕೆಟ್‌ಗಳು 55ರಿಂದ 75ರ ನಡುವೆ ಬರುತ್ತವೆ. ತೋಳಿನ ತೊಂದರೆ ಇರುವವರು ಕಡಿಮೆ ಅಂಕಿಯದನ್ನು ಆರಿಸುವುದು ಕ್ಷೇಮ.

ಹಿಡಿಯ ಸುತ್ತಳತೆ

ಹಿಡಿಯ ಸುತ್ತಳತೆ 4 ಅಂಗುಲದಿಂದ 4⅝ ಅಂಗುಲದವರೆಗೆ ಅಂಗುಲದ ಎಂಟನೆಯ ಒಂದು ಭಾಗದ ಅಂತರದಲ್ಲಿ ದೊರೆಯುತ್ತದೆ. ಇವನ್ನು 0ಯಿಂದ 5ರವರೆಗಿನ ಅಂಕಿಗಳಿಂದಲೂ ಗುರುತಿಸುತ್ತಾರೆ. ಉದಾಹರಣೆಗೆ 4¼ ಅಂಗುಲಕ್ಕೆ 2, 4⅜ ಅಂಗುಲಕ್ಕೆ 3. ಆಡುವ ಕೈಯಿಂದ ಹಿಡಿಯನ್ನು ಹಿಡಿದಾಗ ಬೆರಳ ತುದಿಗಳಿಗೂ ಅಂಗೈಯ ಬುಡಕ್ಕೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಯುವಷ್ಟು ಜಾಗವಿದ್ದರೆ ಅಳತೆ ಸರಿ ಎಂದು ತಿಳಿಯಬಹುದು. ಜಾಗ ಉಳಿಯದಿದ್ದರೆ ಹಿಡಿ ಸಣ್ಣದು, ಬೆರಳಿಗಿಂತ ಹೆಚ್ಚು ಜಾಗವಿದ್ದರೆ ದಪ್ಪ.

ಎರಡು ಅಳತೆಗಳ ನಡುವೆ ಸಂದೇಹವಿದ್ದರೆ ಸಣ್ಣದನ್ನು ಕೊಳ್ಳುವುದು ವಾಸಿ. ಸಣ್ಣ ಹಿಡಿಗೆ ಮೇಲುಪಟ್ಟಿ ಸುತ್ತಿ ಸುಮಾರು ಅರ್ಧ ಅಳತೆಯಷ್ಟು ದಪ್ಪ ಮಾಡಿಕೊಳ್ಳಬಹುದು. ದಪ್ಪ ಹಿಡಿಯನ್ನು ಸಣ್ಣದಾಗಿಸುವುದು ಕಷ್ಟ. ಗಂಡಸರ ರ್ಯಾಕೆಟ್, ಹೆಂಗಸರ ರ್ಯಾಕೆಟ್ ಎಂಬ ಭೇದ ನಿಯಮಗಳಲ್ಲಿ ಇಲ್ಲ. ಅಳತೆ ಕೈಗೆ ಹೊಂದಬೇಕು, ಅಷ್ಟೆ.

ತಂತಿಗಳು

ಒಂದು ರ್ಯಾಕೆಟ್‌ಗೆ ಸುಮಾರು 12 ಮೀಟರ್ ತಂತಿ ಬೇಕಾಗುತ್ತದೆ. ತಂತಿ ಹಾಕುವ ಕೆಲಸವನ್ನು ಭಾರತದಲ್ಲಿ ಆಡುಮಾತಿನಲ್ಲಿ ಗಟ್ಟಿಂಗ್ ಎನ್ನುತ್ತಾರೆ. ಕರುಳಿನ ತಂತಿ ಬಳಕೆಯಲ್ಲಿದ್ದ ಕಾಲದ ನೆನಪು ಈ ಮಾತಿನಲ್ಲಿ ಉಳಿದಿದೆ. ಮುಖ್ಯವಾದ ತಂತಿ ವಿಧಗಳು ಇವು:

- ಕರುಳಿನ ತಂತಿ: ಹಸುವಿನ ಕರುಳಿನ ಪದರದಿಂದ ಮಾಡುವುದು. ಕೈಗೆ ಅತ್ಯಂತ ಮೃದು, ಬಿಗಿಯನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಬಹಳ ದುಬಾರಿ, ಒದ್ದೆಯಾದರೆ ಕೆಡುತ್ತದೆ.
- ನೈಲಾನ್ ತಂತಿ: ಅಗ್ಗ, ಮೃದು, ಹೊಸಬರಿಗೆ ಸಾಕು. ತಂತಿ ಹಾಕಿಯೇ ಮಾರುವ ರ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ.
- ಬಹುಎಳೆಯ ತಂತಿ: ಸಾವಿರಾರು ಸೂಕ್ಷ್ಮ ಎಳೆಗಳನ್ನು ಹೊಸೆದು ಮಾಡುವುದು. ಕರುಳಿನ ತಂತಿಯ ಮೃದುತ್ವಕ್ಕೆ ಹತ್ತಿರ, ಬೆಲೆ ಅದಕ್ಕಿಂತ ಕಡಿಮೆ. ತೋಳು ನೋವಿರುವವರಿಗೆ ಸೂಕ್ತ.
- ಪಾಲಿಯೆಸ್ಟರ್ ತಂತಿ: ಗಡುಸು, ಬೇಗ ತುಂಡಾಗುವುದಿಲ್ಲ, ಚೆಂಡಿಗೆ ಹೆಚ್ಚು ತಿರುವು ಕೊಡಲು ಅನುಕೂಲ. 1997ರಲ್ಲಿ ಗುಸ್ಟಾವೊ ಕುಯೆರ್ಟನ್ ಇದನ್ನು ಬಳಸಿ ಫ್ರೆಂಚ್ ಓಪನ್ ಗೆದ್ದ ನಂತರ ವೃತ್ತಿಪರರಲ್ಲಿ ವ್ಯಾಪಕವಾಯಿತು. ಬಿಗಿ ಬೇಗ ಸಡಿಲವಾಗುತ್ತದೆ, ತೋಳಿಗೆ ಆಘಾತ ಹೆಚ್ಚು. ಮಕ್ಕಳಿಗೂ ಹೊಸಬರಿಗೂ ತಕ್ಕುದಲ್ಲ.

ತಂತಿಯ ಬಿಗಿಯನ್ನು ಪೌಂಡ್‌ಗಳಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಇದು 45ರಿಂದ 60 ಪೌಂಡ್ (ಸುಮಾರು 20ರಿಂದ 27 ಕಿಲೋಗ್ರಾಂ). ತಯಾರಕರು ಸೂಚಿಸುವ ಕನಿಷ್ಠ ಹಾಗೂ ಗರಿಷ್ಠ ಮಿತಿ ಚೌಕಟ್ಟಿನ ಮೇಲೆ ಅಚ್ಚಾಗಿರುತ್ತದೆ. ಬಿಗಿ ಹೆಚ್ಚಿದರೆ ಚೆಂಡಿನ ವೇಗ ಕಡಿಮೆಯಾಗಿ ಹಿಡಿತ ಹೆಚ್ಚುತ್ತದೆ. ಬಿಗಿ ಕಡಿಮೆಯಾದರೆ ಚೆಂಡು ಹೆಚ್ಚು ಚಿಮ್ಮುತ್ತದೆ, ಕೈಗೂ ಹಿತ. ಹೆಚ್ಚು ಬಿಗಿ ಹಾಕಿಸಿದರೆ ಹೊಡೆತ ಬಲವಾಗುತ್ತದೆ ಎಂಬ ನಂಬಿಕೆ ಇದೆ. ಅದು ತಪ್ಪು. ಹೊಸಬರು ಸೂಚಿತ ಮಿತಿಯ ನಡುವಿನ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಬಿಗಿಯನ್ನು ಆರಿಸುವುದು ಒಳ್ಳೆಯದು.

ತಂತಿ ತುಂಡಾಗದಿದ್ದರೂ ಕಾಲಕ್ರಮದಲ್ಲಿ ತನ್ನ ಗುಣ ಕಳೆದುಕೊಳ್ಳುತ್ತದೆ. ವಾರಕ್ಕೆ ಎಷ್ಟು ದಿನ ಆಡುತ್ತಾರೋ ವರ್ಷಕ್ಕೆ ಅಷ್ಟು ಬಾರಿ ತಂತಿ ಬದಲಾಯಿಸಬೇಕು ಎಂಬುದು ಆಟಗಾರರಲ್ಲಿ ಪ್ರಚಲಿತವಾದ ಲೆಕ್ಕ. ಸಾಧಾರಣ ಚೌಕಟ್ಟಿಗೆ ಹೊಸ ತಂತಿ ಹಾಕಿಸಿದಾಗ ಆಗುವ ಸುಧಾರಣೆ, ಸವೆದ ತಂತಿಯುಳ್ಳ ದುಬಾರಿ ಚೌಕಟ್ಟಿನಲ್ಲಿ ದೊರೆಯುವುದಿಲ್ಲ. ಆದ್ದರಿಂದ ಇರುವ ಹಣವನ್ನೆಲ್ಲ ಚೌಕಟ್ಟಿಗೆ ಸುರಿಯದೆ ತಂತಿಗೂ ಹಿಡಿಯ ಪಟ್ಟಿಗೂ ಒಂದು ಪಾಲನ್ನು ಉಳಿಸಿಕೊಳ್ಳುವುದು ವಿವೇಕ.

ಮಕ್ಕಳ ರ್ಯಾಕೆಟ್

ಮಗು ಬೆಳೆದ ಮೇಲೂ ಉಪಯೋಗವಾಗಲಿ ಎಂದು ದೊಡ್ಡವರ ರ್ಯಾಕೆಟನ್ನು ಕೊಡಿಸುವುದು ಪೋಷಕರು ಸಾಮಾನ್ಯವಾಗಿ ಮಾಡುವ ತಪ್ಪು. ಉದ್ದವೂ ಭಾರವೂ ಆದ ರ್ಯಾಕೆಟನ್ನು ಬೀಸಲು ಮಗು ಹಿಡಿಯ ಮಧ್ಯಕ್ಕೆ ಕೈ ಸರಿಸಿಕೊಳ್ಳುತ್ತದೆ, ಮಣಿಕಟ್ಟನ್ನು ತಿರುಚುತ್ತದೆ. ಹೀಗೆ ಕಲಿತ ತಪ್ಪು ಭಂಗಿಯನ್ನು ಮುಂದೆ ತಿದ್ದುವುದು ಕಷ್ಟ. ಚೆಂಡು ದಾಟದೆ ಹೋದಾಗ ಮಗು ತನಗೆ ಆಟ ಬರುವುದಿಲ್ಲವೆಂದು ತಿಳಿದು ಬಿಟ್ಟುಬಿಡುವುದೂ ಉಂಟು. ವಯಸ್ಸಿಗೆ ಅನುಗುಣವಾದ ಸ್ಥೂಲ ಅಳತೆಗಳು ಹೀಗಿವೆ:

- 4 ವರ್ಷದವರೆಗೆ: 19 ಅಂಗುಲ
- 4ರಿಂದ 6 ವರ್ಷ: 21 ಅಂಗುಲ
- 6ರಿಂದ 8 ವರ್ಷ: 23 ಅಂಗುಲ
- 8ರಿಂದ 10 ವರ್ಷ: 25 ಅಂಗುಲ
- 10ರಿಂದ 12 ವರ್ಷ: 26 ಅಂಗುಲ
- ಅನಂತರ: 27 ಅಂಗುಲ

ಒಂದೇ ವಯಸ್ಸಿನ ಮಕ್ಕಳ ಎತ್ತರ ಬೇರೆ ಬೇರೆಯಾಗಿರುವುದರಿಂದ ಇನ್ನೊಂದು ಪರೀಕ್ಷೆಯೂ ಬಳಕೆಯಲ್ಲಿದೆ. ಮಗು ನೇರವಾಗಿ ನಿಂತು, ತೋಳನ್ನು ಪಕ್ಕಕ್ಕೆ ಇಳಿಬಿಟ್ಟು ರ್ಯಾಕೆಟ್ ಹಿಡಿದಾಗ ಅದರ ತುದಿ ನೆಲಕ್ಕೆ ತಾಗಿಯೂ ತಾಗದಂತಿರಬೇಕು. ತೋಳನ್ನು ಮಡಿಸಬೇಕಾಗಿ ಬಂದರೆ ರ್ಯಾಕೆಟ್ ಉದ್ದವಾಯಿತು ಎಂದರ್ಥ.

ಮಕ್ಕಳ ರ್ಯಾಕೆಟ್ ಎರಡು ವರ್ಷಕ್ಕೊಮ್ಮೆ ಬದಲಾಗುವುದರಿಂದ ಇಲ್ಲಿ ಅಲ್ಯೂಮಿನಿಯಂ ಸಾಕು. 25 ಅಥವಾ 26 ಅಂಗುಲದ ಹಂತದಲ್ಲಿ, ಮಗು ನಿಯಮಿತವಾಗಿ ಆಡತೊಡಗಿದ ಮೇಲೆ ಮಿಶ್ರ ಅಥವಾ ಗ್ರ್ಯಾಫೈಟ್ ಚೌಕಟ್ಟಿಗೆ ಹೋಗಬಹುದು. ರ್ಯಾಕೆಟ್‌ನಷ್ಟೇ ಮುಖ್ಯವಾದುದು ಚೆಂಡು. ಹಳದಿ ಚೆಂಡಿಗಿಂತ ಕೆಂಪು ಚೆಂಡು ಸುಮಾರು ಶೇ. 75, ಕಿತ್ತಳೆ ಚೆಂಡು ಶೇ. 50, ಹಸಿರು ಚೆಂಡು ಶೇ. 25ರಷ್ಟು ನಿಧಾನ. 10 ವರ್ಷದೊಳಗಿನವರ ಪಂದ್ಯಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ಬಳಸಬಾರದೆಂಬ ನಿಯಮ 2012ರಿಂದ ಜಾರಿಯಲ್ಲಿದೆ. ನಿಧಾನದ ಚೆಂಡಿನಲ್ಲಿ ಕಲಿಯುವ ಮಗುವಿಗೆ ಬಲವಾದ ದುಬಾರಿ ರ್ಯಾಕೆಟ್‌ನ ಅಗತ್ಯವೇ ಬೀಳುವುದಿಲ್ಲ.

ಬಳಸಿದ ರ್ಯಾಕೆಟ್

ಸ್ವಲ್ಪ ಕಾಲ ಬಳಸಿದ ಗ್ರ್ಯಾಫೈಟ್ ರ್ಯಾಕೆಟ್ ಹೊಸ ಅಲ್ಯೂಮಿನಿಯಂ ರ್ಯಾಕೆಟ್‌ಗಿಂತ ಉತ್ತಮ ಆಯ್ಕೆಯಾಗಬಹುದು. ಕೊಳ್ಳುವ ಮುನ್ನ ಈ ಅಂಶಗಳನ್ನು ಪರೀಕ್ಷಿಸಬೇಕು:

- ಬಿರುಕು: ತಲೆಯ ಮೇಲಿನ ಎರಡು ಮೂಲೆಗಳು, ಪಕ್ಕಗಳು ಮತ್ತು ಕತ್ತಿನ ಭಾಗವನ್ನು ಬೆಳಕಿಗೆ ಹಿಡಿದು ನೋಡಬೇಕು. ಬಣ್ಣ ಕಿತ್ತಿರುವುದು ದೋಷವಲ್ಲ. ಉಗುರಿಗೆ ತಗಲುವ ಕೂದಲೆಳೆಯಂಥ ಗೆರೆ ಇದ್ದರೆ ಬಿಡಬೇಕು. ಮತ್ತೆ ತಂತಿ ಬಿಗಿಯುವಾಗ ಅಂಥ ಚೌಕಟ್ಟು ಮುರಿಯಬಹುದು.
- ಸದ್ದು: ಅಂಗೈಗೆ ತಟ್ಟಿದಾಗ ಅಥವಾ ಅಲುಗಾಡಿಸಿದಾಗ ಒಡಕು ಸದ್ದು ಬರಬಾರದು.
- ಗ್ರಾಮೆಟ್: ಒಡೆದಿದ್ದರೆ ತಂತಿ ಬೇಗ ಹರಿಯುತ್ತದೆ. ಹಳೆಯ ಮಾದರಿಗಳಿಗೆ ಬದಲಿ ಗ್ರಾಮೆಟ್ ಸಿಗುವುದು ಕಷ್ಟ.
- ಆಕಾರ: ಹಿಡಿಯ ತುದಿಯಿಂದ ನೇರವಾಗಿ ನೋಡಿದಾಗ ತಲೆ ಓರೆಯಾಗಿರಬಾರದು.
- ತಂತಿಯ ವೆಚ್ಚ: ಹಳೆಯ ತಂತಿಯನ್ನು ಬದಲಾಯಿಸಲೇಬೇಕೆಂದು ಭಾವಿಸಿ ಆ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಬೇಕು.

ಪ್ರಸಿದ್ಧ ತಯಾರಕರ ಹೆಸರಿನ ನಕಲಿ ರ್ಯಾಕೆಟ್‌ಗಳೂ ಮಾರುಕಟ್ಟೆಯಲ್ಲಿವೆ. ಹೊಸ ಗ್ರ್ಯಾಫೈಟ್ ರ್ಯಾಕೆಟನ್ನು ನಂಬಲಾಗದಷ್ಟು ಕಡಿಮೆ ಬೆಲೆಗೆ ಮಾರುತ್ತಿದ್ದರೆ ಚೌಕಟ್ಟಿನ ಮೇಲೆ ನಮೂದಾದ ತೂಕವನ್ನು ತಕ್ಕಡಿಯಲ್ಲಿ ತೂಗಿ ನೋಡುವುದು, ಅಕ್ಷರಗಳ ಅಚ್ಚನ್ನು ಅಸಲಿಯೊಡನೆ ಹೋಲಿಸುವುದು ಸೂಕ್ತ.

ರ್ಯಾಕೆಟ್ ಮತ್ತು ತೋಳಿನ ನೋವು

ಮೊಣಕೈಯ ಹೊರಬದಿಯ ಸ್ನಾಯುರಜ್ಜುಗಳಿಗೆ ಪದೇ ಪದೇ ಒತ್ತಡ ಬೀಳುವುದರಿಂದ ಉಂಟಾಗುವ ನೋವನ್ನು ಟೆನಿಸ್ ಎಲ್ಬೋ ಎನ್ನುತ್ತಾರೆ. ಟೆನಿಸ್ ಆಡದವರಲ್ಲೂ ಇದು ಕಾಣಿಸಿಕೊಳ್ಳುತ್ತದೆ. ಆಟಗಾರರಲ್ಲಿ ತಪ್ಪು ಭಂಗಿಯ, ವಿಶೇಷವಾಗಿ ತಡವಾಗಿ ಹೊಡೆಯುವ ಬ್ಯಾಕ್‌ಹ್ಯಾಂಡ್, ಇದಕ್ಕೆ ಮುಖ್ಯ ಕಾರಣ. ಅತಿ ಹಗುರವೂ ಗಡುಸೂ ಆದ ಚೌಕಟ್ಟು, ಗಡುಸು ತಂತಿ, ಅತಿಯಾದ ಬಿಗಿ, ಹೊಂದದ ಹಿಡಿ ಮತ್ತು ಒದ್ದೆಯಾದ ಭಾರದ ಚೆಂಡು ಇದನ್ನು ಹೆಚ್ಚಿಸಬಲ್ಲವು. ತಂತಿಗಳ ನಡುವೆ ಸಿಕ್ಕಿಸುವ ರಬ್ಬರಿನ ಸಣ್ಣ ತುಂಡು ತಂತಿಯ ಸದ್ದನ್ನು ಕಡಿಮೆ ಮಾಡುತ್ತದೆಯೇ ಹೊರತು ತೋಳಿಗೆ ತಲುಪುವ ಆಘಾತವನ್ನು ತಡೆಯುವುದಿಲ್ಲ. ನೋವು ಕಾಣಿಸಿಕೊಂಡಾಗ ಹೊಸ ರ್ಯಾಕೆಟ್ ಕೊಳ್ಳುವ ಮೊದಲು ಆಟಕ್ಕೆ ಬಿಡುವು ಕೊಟ್ಟು, ವೈದ್ಯರ ಸಲಹೆ ಪಡೆದು, ಮೃದು ತಂತಿಯನ್ನು ಕಡಿಮೆ ಬಿಗಿಯಲ್ಲಿ ಹಾಕಿಸಿ ನೋಡುವುದು ಕಡಿಮೆ ಖರ್ಚಿನ ಮಾರ್ಗ.

ಭಾರತದಲ್ಲಿ

ದೇಶವಿಭಜನೆಯ ನಂತರ ಸಿಯಾಲ್‌ಕೋಟ್‌ನಿಂದ ಬಂದ ಕುಶಲಕರ್ಮಿಗಳು ಮತ್ತು ಉದ್ಯಮಿಗಳಿಂದಾಗಿ ಜಲಂಧರ್ ಹಾಗೂ ಮೀರತ್ ನಗರಗಳಲ್ಲಿ ಕ್ರೀಡಾ ಸಾಮಗ್ರಿಗಳ ಉದ್ಯಮ ಬೆಳೆಯಿತು. ಗ್ರ್ಯಾಫೈಟ್ ಬಂದ ಮೇಲೆ ರ್ಯಾಕೆಟ್ ತಯಾರಿಕೆ ಜಗತ್ತಿನಾದ್ಯಂತ ಬಹುಮಟ್ಟಿಗೆ ತೈವಾನ್ ಮತ್ತು ಚೀನಾಗಳಲ್ಲಿ ಕೇಂದ್ರೀಕೃತವಾಯಿತು. ಭಾರತದಲ್ಲಿ ಮಾರಾಟವಾಗುವ ಗ್ರ್ಯಾಫೈಟ್ ರ್ಯಾಕೆಟ್‌ಗಳು ಹೆಚ್ಚಾಗಿ ಆಮದಾದವು. ಆದ್ದರಿಂದ ಸುಂಕವೂ ಬೆಲೆಯಲ್ಲಿ ಸೇರಿರುತ್ತದೆ.

ಕರ್ನಾಟಕದಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳು ಆಟದ ಪ್ರಮುಖ ಕೇಂದ್ರ. 2024ರಲ್ಲಿ ಕೊಡಗಿನ ರೋಹನ್ ಬೋಪಣ್ಣ ತಮ್ಮ 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ದೊಡ್ಡ ನಗರಗಳಿಂದ ದೂರದ ಊರುಗಳಲ್ಲಿ ಟೆನಿಸ್ ರ್ಯಾಕೆಟ್‌ಗೆ ಗಟ್ಟಿಂಗ್ ಮಾಡುವವರು ವಿರಳ. ಅಂಥ ಕಡೆ ಆಡುವವರು ಬೇಗ ತುಂಡಾಗದ, ಸ್ವಲ್ಪ ದಪ್ಪನೆಯ ನೈಲಾನ್ ತಂತಿಯನ್ನು, ಅಂದರೆ 1.30 ಮಿ.ಮೀ. ಆಸುಪಾಸಿನದನ್ನು, ಹಾಕಿಸಿಕೊಳ್ಳುವುದು ಅನುಕೂಲ.

ನಿರ್ವಹಣೆ

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅಥವಾ ದ್ವಿಚಕ್ರ ವಾಹನದ ಮೇಲೆ ರ್ಯಾಕೆಟ್ ಬಿಟ್ಟರೆ ತಂತಿಯ ಬಿಗಿ ಬೇಗ ಸಡಿಲವಾಗುತ್ತದೆ. ಮಣ್ಣಿನ ಅಂಕಣದ ಮರಳಿನ ಕಣಗಳು ತಂತಿಗಳ ನಡುವೆ ಸೇರಿ ಉಜ್ಜುವುದರಿಂದ ಆಟದ ನಂತರ ಒಣ ಬಟ್ಟೆಯಿಂದ ಒರೆಸಬೇಕು. ಒಂದು ತಂತಿ ತುಂಡಾದಾಗ ಉಳಿದವನ್ನೂ ಆದಷ್ಟು ಬೇಗ ಕತ್ತರಿಸಿ ತೆಗೆಯುವುದು ಒಳ್ಳೆಯದು. ಇಲ್ಲವಾದರೆ ಬಿಗಿ ಒಂದೇ ಕಡೆ ಉಳಿದು ಚೌಕಟ್ಟಿನ ಆಕಾರ ಕೆಡಬಹುದು. ಬೆವರಿನಿಂದ ಜಾರುವ ಹಿಡಿಯನ್ನು ಆಟಗಾರ ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯುತ್ತಾನೆ, ಅದರಿಂದ ತೋಳು ದಣಿಯುತ್ತದೆ. ಕಡಿಮೆ ಬೆಲೆಯ ಮೇಲುಪಟ್ಟಿಯನ್ನು ಆಗಾಗ ಬದಲಾಯಿಸಿದರೆ ಈ ತೊಂದರೆ ತಪ್ಪುತ್ತದೆ. ನೆಲಕ್ಕೆ ಬಡಿಯದೆ, ಬಿಸಿಲು ತೇವಗಳಿಂದ ಕಾಪಾಡಿ ಬಳಸಿದ ಸಾಧಾರಣ ಗ್ರ್ಯಾಫೈಟ್ ರ್ಯಾಕೆಟ್ ಹವ್ಯಾಸಿ ಆಟಗಾರನಿಗೆ ಹಲವು ವರ್ಷ ಬಾಳಿಕೆ ಬರುತ್ತದೆ.

ಇವನ್ನೂ ನೋಡಿ

- ಟೆನಿಸ್
- ಬ್ಯಾಡ್ಮಿಂಟನ್
- ವಿಂಬಲ್ಡನ್ ಪಂದ್ಯಾವಳಿ
- ರೋಹನ್ ಬೋಪಣ್ಣ